ಗಂಡಸರು ಡಾಕ್ಟರ ಹತ್ತಿರ ಒಂದು ಸಲ ಹೋಗ್ತಾರೆ, ಎರಡನೇ ಸಲ ಯಾಕೆ ಹೋಗಲ್ಲ?

ಲೆಕ್ಕದ_ಮೇಷ್ಟ್ರು

ಗಂಡಸರು ಮನಸ್ಸಿನ ಕಾಯಿಲೆಗೆ ಆಸ್ಪತ್ರೆ ಮೆಟ್ಟಿಲು ಹತ್ತುವುದೇ ಇಲ್ಲ, ಅಹಂಕಾರ ಜಾಸ್ತಿ, ಅಳುವುದಕ್ಕೆ ನಾಚಿಕೆ ಅಂತ ಓದಿ ಓದಿ ಸಾಕಾಗಿದೆ. ನನಗೆ ಗೊತ್ತಿರುವ ನಾಲ್ಕೈದು ಜನ ಮೆಟ್ಟಿಲು ಹತ್ತಿದ್ದಾರೆ. ಮಾತ್ರೆ ಬರೆಸಿಕೊಂಡು ಬಂದಿದ್ದಾರೆ. ಆಮೇಲೆ ಆ ಕಡೆ ತಲೆ ಹಾಕಿಲ್ಲ. ಹಾಗಾದರೆ ತೊಂದರೆ ಗಂಡಸಿನಲ್ಲಿ ಮಾತ್ರ ಇದೆಯಾ, ಚಿಕಿತ್ಸೆ ಕೊಡುವ ರೀತಿಯಲ್ಲೂ ಇದೆಯಾ? ಚರ್ಚೆ ಇದರ ಮೇಲೆ ಇರಲಿ.

ಅಂಕಿಗಳನ್ನು ಮೊದಲೇ ಇಟ್ಟುಬಿಡುತ್ತೇನೆ, ನನ್ನ ಹೆಸರಿಗೆ ತಕ್ಕಂತೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924. ಅದರಲ್ಲಿ ಗಂಡಸರು 1,22,724. ಹತ್ತರಲ್ಲಿ ಏಳು ಜನ. ಕರ್ನಾಟಕದ ಲೆಕ್ಕ 13,606. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮಾನಸಿಕ ತೊಂದರೆ ಇದ್ದವರು ಗಂಡಸರಲ್ಲಿ ಶೇ. 13.9, ಹೆಂಗಸರಲ್ಲಿ ಶೇ. 7.5. ಕುಡಿತದ ಕಾಯಿಲೆಯನ್ನೂ ಇದರಲ್ಲಿ ಎಣಿಸಿದ್ದಾರೆ, ಅಂತರ ಇಷ್ಟು ದೊಡ್ಡದಾಗಲು ಮುಖ್ಯ ಕಾರಣ ಅದೇ.

"ಗಂಡಸರು ಬಾಯಿ ಬಿಡಬೇಕು" ಅನ್ನುವ ಉಪದೇಶ ದಯವಿಟ್ಟು ಬೇಡ. ಬಾಯಿ ಬಿಟ್ಟ ಮೇಲೆ ಏನಾಯಿತು, ಅದನ್ನು ಹೇಳಿ.

ಹೋಬಳಿ_ಡಾಕ್ಟರ್

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂರುವವನು ನಾನು. ಗಂಡಸರು ಖಂಡಿತ ಬರುತ್ತಾರೆ. ಆದರೆ "ನನಗೆ ಬೇಜಾರು" ಅಂತ ಬರುವುದಿಲ್ಲ. ಗ್ಯಾಸ್ಟ್ರಿಕ್ ಅಂತ ಬರುತ್ತಾರೆ. ಎದೆ ಹಿಡಿಯುತ್ತದೆ, ಸೊಂಟ ನೋವು, ಕೈಕಾಲು ಜೋಮು, ಬಿಪಿ ನೋಡಿ ಸಾರ್ ಅಂತ ಬರುತ್ತಾರೆ. ಮದುವೆಯಾಗದ ಹುಡುಗರು ಧಾತು ಹೋಗುತ್ತಿದೆ, ಸುಸ್ತು ಅಂತ ಬರುತ್ತಾರೆ. ನಮ್ಮಲ್ಲಿಗೆ ಬರುವ ಮೊದಲು ಬಸ್ ಸ್ಟ್ಯಾಂಡ್ ಗೋಡೆಯ ಮೇಲಿನ ಗುಪ್ತರೋಗದ ಜಾಹೀರಾತು ನೋಡಿ ಎಲ್ಲೋ ದುಡ್ಡು ಸುರಿದಿರುತ್ತಾರೆ. ಕೆದಕಿದರೆ ಅದರ ಕೆಳಗೆ ಎಷ್ಟೋ ಸಲ ಆತಂಕವೋ ಖಿನ್ನತೆಯೋ ಇರುತ್ತದೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದ್ದು ನೆನಪಿದೆಯಲ್ವಾ? ಹೃದಯ ಪರೀಕ್ಷೆ ಮಾಡಿಸಲು ಯಾರಿಗೂ ನಾಚಿಕೆ ಇರಲಿಲ್ಲ. ನಮ್ಮ ಕೇಂದ್ರಕ್ಕೂ ಆ ವಾರಗಳಲ್ಲಿ ಮೂವತ್ತು, ನಲವತ್ತರ ಗಂಡಸರು ಎದೆ ಹಿಡಿದುಕೊಂಡು ಬಂದರು. ಇಸಿಜಿ ಸರಿ ಇತ್ತು. "ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ, ಹೋಗಿ" ಅಂದರೆ ಅವರಿಗೆ ಕೇಳಿಸುವುದು "ನೀನು ನಾಟಕ ಮಾಡ್ತಿದ್ದೀಯ" ಅಂತ. ಮುಂದಿನ ವಾರ ಬೇರೆ ಡಾಕ್ಟರ ಹತ್ತಿರ ಇನ್ನೊಂದು ಇಸಿಜಿ.

ಹಾಗಾಗಿ "ಏನೂ ಇಲ್ಲ" ಅನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಎದೆ ಬಡಿದುಕೊಂಡಿದ್ದು ನಿಜ, ಹೃದಯ ಗಟ್ಟಿ ಇದೆ, ಹೆದರಿಕೆಯ ದಾಳಿ ಹೀಗೇ ಆಗುತ್ತದೆ ಅಂತ ಬಿಡಿಸಿ ಹೇಳುತ್ತೇನೆ. ಆಮೇಲೆ ನಿದ್ದೆಯಿಂದ ಶುರು ಮಾಡುತ್ತೇನೆ. ಎಷ್ಟು ಗಂಟೆಗೆ ಮಲಗ್ತೀರ? ನಡುರಾತ್ರಿ ಎಚ್ಚರ ಆಗುತ್ತಾ? ಆಗ ತಲೆಯಲ್ಲಿ ಏನು ಓಡುತ್ತದೆ? ಮೂರನೇ ಪ್ರಶ್ನೆಗೆ ಸಾಲದ ವಿಷಯ ಹೊರಗೆ ಬರುತ್ತದೆ. ಕೊನೆಗೆ ಸಾಯುವ ಯೋಚನೆ ಬಂದಿದೆಯಾ ಅಂತ ನೇರವಾಗಿ ಕೇಳುತ್ತೇನೆ. ಕೇಳಿದರೆ ತಲೆಗೆ ಹುಳ ಬಿಟ್ಟ ಹಾಗೆ ಆಗುತ್ತದೆ ಅನ್ನುವುದು ಸುಳ್ಳು. ಕೇಳಿದರು ಅಂತ ಸಮಾಧಾನಪಟ್ಟವರನ್ನೇ ನಾನು ಜಾಸ್ತಿ ನೋಡಿದ್ದು.

ಮೂರು_ಚಕ್ರ

ನಾನು ಆಟೋ ಓಡಿಸುವವನು. ಯಾಕೆ ಎರಡನೇ ಸಲ ಹೋಗಲ್ಲ ಅಂತ ನಾನು ಹೇಳ್ತೀನಿ ಕೇಳಿ. ಚೀಟಿ ಮಾಡಿಸಲು ಒಂದು ಕ್ಯೂ, ಡಾಕ್ಟರಿಗೆ ಒಂದು ಕ್ಯೂ, ಔಷಧಿಗೆ ಇನ್ನೊಂದು ಕ್ಯೂ. ಬೆಳಗ್ಗೆಯ ಬಾಡಿಗೆ ಪೂರ್ತಿ ಹೋಯಿತು. ಒಳಗೆ ಮಾತಾಡಿದ್ದು ಐದು ನಿಮಿಷ. ಗಾರೆ ಕೆಲಸದವನು, ಹಮಾಲಿ, ಹೋಟೆಲ್ ಸಪ್ಲೈಯರ್ ಇವರೆಲ್ಲ ಒಂದು ದಿನ ರಜೆ ಹಾಕಿದರೆ ಆವತ್ತಿನ ಕೂಲಿ ಇಲ್ಲ. ಹದಿನೈದು ದಿನಕ್ಕೊಂದು ಸಲ ಬನ್ನಿ ಅಂದರೆ ಎಲ್ಲಿಂದ ಬರೋದು? ಅಹಂಕಾರ ಅಲ್ಲ ಸ್ವಾಮಿ, ಬಾಡಿಗೆ.

ಸಂಜೆ ಆರರ ಮೇಲೆ ಅಥವಾ ಭಾನುವಾರ ಒಪಿಡಿ ಇಡಲಿ, ಆಮೇಲೆ ಗಂಡಸರಿಗೆ ಬುದ್ಧಿ ಹೇಳಲಿ.

ಲೆಕ್ಕದ_ಮೇಷ್ಟ್ರು

@ಮೂರು_ಚಕ್ರ ನಿಮ್ಮ ಮಾತಿಗೆ ಅಂಕಿಯೂ ಇದೆ. ಅದೇ 2022ರ ವರದಿಯಲ್ಲಿ ಆತ್ಮಹತ್ಯೆಯಿಂದ ಸತ್ತವರಲ್ಲಿ ದಿನಗೂಲಿಯವರು ಶೇ. 26.4. ಕಾಲು ಭಾಗಕ್ಕಿಂತ ಜಾಸ್ತಿ. ಒಪಿಡಿ ಸಮಯ ಇವರಿಗೆ ಹೊಂದದಿದ್ದರೆ ಬೇರೆ ಯಾರಿಗೆ ಹೊಂದಬೇಕು?

ಮೂಡಿಗೆರೆ_ಅಕ್ಕ

ನಾನು ರೋಗಿಯ ಹೆಂಡತಿ. ಸ್ವಲ್ಪ ಬೇರೆ ಮಾತು ಹೇಳಬೇಕು.

ನಮ್ಮವರನ್ನು ಒಪ್ಪಿಸಿ ಕರೆದುಕೊಂಡು ಹೋಗಲು ತುಂಬಾ ದಿನ ಹಿಡಿಯಿತು. ಹೋದೆವು. ಒಳಗೆ ಎರಡು ಕುರ್ಚಿ. ಡಾಕ್ಟರು ನನ್ನ ಮುಖ ನೋಡಿ ಕೇಳಲು ಶುರು ಮಾಡಿದರು. "ಎಷ್ಟು ದಿನದಿಂದ ಹೀಗೆ? ಕೆಲಸಕ್ಕೆ ಹೋಗ್ತಾರಾ? ಕುಡೀತಾರಾ? ನಿಮ್ಮ ಮೇಲೆ ಕೈ ಮಾಡ್ತಾರಾ?" ನಾನು ಉತ್ತರ ಕೊಡುತ್ತಾ ಹೋದೆ. ಇವರು ಪಕ್ಕದಲ್ಲಿ ಕೂತು ಮೇಜಿನ ಮೇಲಿನ ಪೇಪರ್‌ವೇಟ್ ತಿರುಗಿಸುತ್ತಾ ಇದ್ದರು. ಒಂದೇ ಒಂದು ಪ್ರಶ್ನೆ ಇವರ ಕಡೆ ಬರಲಿಲ್ಲ. ಕೊನೆಗೆ ಚೀಟಿಯನ್ನೂ ನನ್ನ ಕೈಗೇ ಕೊಟ್ಟರು. ಹೊರಗೆ ಬಂದವರೇ "ಕಾಯಿಲೆ ನನಗಾ ನಿನಗಾ?" ಅಂದರು. ಮತ್ತೆ ಅಲ್ಲಿಗೆ ಬರಲಿಲ್ಲ. ಅವರ ಬದಲು ನಾನೇ ಹೋಗಿ ಮಾತ್ರೆ ತರುತ್ತಿದ್ದೆ, ಅವರು ನುಂಗುತ್ತಿರಲಿಲ್ಲ.

ಈಗ ನೋಡುತ್ತಿರುವ ಡಾಕ್ಟರು ಮೊದಲು ಇವರನ್ನು ಒಬ್ಬರನ್ನೇ ಒಳಗೆ ಕರೆಯುತ್ತಾರೆ. ಆಮೇಲೆ "ನಿಮ್ಮ ಮನೆಯವರನ್ನು ಕರೀಲಾ, ಅವರ ಹತ್ತಿರ ಏನೇನು ಹೇಳಬಹುದು?" ಅಂತ ಇವರನ್ನೇ ಕೇಳುತ್ತಾರಂತೆ. ಅಷ್ಟೇ ವ್ಯತ್ಯಾಸ. ತಪ್ಪದೆ ಹೋಗುತ್ತಿದ್ದಾರೆ.

ಇನ್ನೊಂದು ಮಾತು. ಗಂಡಸರ ಸಂಕಟ ಅಂತ ನೀವೆಲ್ಲ ಮಾತಾಡುವಾಗ ಆ ಸಂಕಟ ಮನೆಯಲ್ಲಿ ಯಾರ ಮೇಲೆ ಬೀಳುತ್ತದೆ ಅನ್ನುವುದನ್ನೂ ಸೇರಿಸಿಕೊಳ್ಳಿ. ಕೈ ಮಾಡುತ್ತಾರಾ ಅನ್ನುವ ಪ್ರಶ್ನೆ ಕೇಳಲೇಬೇಕು. ಅದನ್ನು ನನ್ನೊಬ್ಬಳನ್ನೇ ಕೂರಿಸಿ ಕೇಳಬೇಕಿತ್ತು. ಅವರ ಎದುರಿಗೆ ನಾನು ಇನ್ನೇನು ಹೇಳಲಿ?

ಹೋಬಳಿ_ಡಾಕ್ಟರ್

@ಮೂಡಿಗೆರೆ_ಅಕ್ಕ ಇದನ್ನು ಪ್ರಿಂಟ್ ತೆಗೆದು ನಮ್ಮ ಒಪಿಡಿ ಗೋಡೆಗೆ ಅಂಟಿಸಬೇಕು. ಕಾನೂನೂ ನಿಮ್ಮ ಕಡೆಗೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ರೋಗಿಯ ಗೋಪ್ಯತೆಯನ್ನು ಹಕ್ಕು ಅಂತಲೇ ಹೇಳುತ್ತದೆ. ಜೀವಕ್ಕೆ ಅಪಾಯ ಇದ್ದಾಗ, ಆರೈಕೆ ಮಾಡುವವರಿಗೆ ಬೇಕಾದಷ್ಟು ತಿಳಿಸುವಾಗ, ಹೀಗೆ ಕೆಲವು ವಿನಾಯಿತಿ ಇವೆ. ಆದರೆ ಮನೆಯವರ ಮುಂದೆ ಎಲ್ಲವನ್ನೂ ಹರಡಿ ಅಂತ ಎಲ್ಲೂ ಇಲ್ಲ.

ಮಾರತ್ತಹಳ್ಳಿ_ಸಿಗ್ನಲ್

ಐಟಿಯವನು. ಬಯ್ಯಬೇಡಿ, ಸಂಜೆ ಆರರ ಮೇಲೆ ಸಮಯ ಇರುವ ಜಾತಿ ನಮ್ಮದು, ದುಡ್ಡೂ ಇತ್ತು. ಆದರೂ ಬಿಟ್ಟೆ.

ಕಂಪನಿ ಕಡೆಯಿಂದ ಉಚಿತ ಕೌನ್ಸೆಲಿಂಗ್ ಇತ್ತು. ಎಚ್‌ಆರ್‌ಗೆ ಗೊತ್ತಾಗುತ್ತದೆ ಅನ್ನುವ ಹೆದರಿಕೆಯಲ್ಲಿ ಹೊರಗೆ ನನ್ನ ದುಡ್ಡಲ್ಲೇ ಹೋದೆ. ಪ್ರತಿ ಸಲ "ಈ ವಾರ ಹೇಗನ್ನಿಸ್ತು?" ಅನ್ನುವ ಪ್ರಶ್ನೆ. ಹೇಗನ್ನಿಸ್ತು ಅಂತ ಗೊತ್ತಿದ್ದರೆ ನಾನ್ಯಾಕೆ ಅಲ್ಲಿಗೆ ಹೋಗ್ತಿದ್ದೆ? ಸುಮ್ನೆ ಕೂತು ಫ್ಯಾನ್ ನೋಡುತ್ತಿದ್ದೆ. ಎಷ್ಟು ವಾರ ಇದು, ಯಾವಾಗ ಮುಗಿಯುತ್ತದೆ, ಸರಿ ಆಗುತ್ತಿದೆ ಅಂತ ಹೇಗೆ ತಿಳಿಯುವುದು, ಯಾವುದನ್ನೂ ಹೇಳಲಿಲ್ಲ.

ಎರಡನೆಯವರು ಮೊದಲ ದಿನವೇ ಪ್ಲಾನ್ ಹೇಳಿದರು. ಇಷ್ಟು ಭೇಟಿ ನೋಡೋಣ, ನಡುವೆ ಒಂದು ಸಲ ಅಂಕ ಹಾಕಿ ಅಳೆಯೋಣ, ಪ್ರಯೋಜನ ಇಲ್ಲ ಅಂದರೆ ದಾರಿ ಬದಲಿಸೋಣ. ಒಂದು ಹಾಳೆ ಕೊಟ್ಟರು. ಗಂಟೆ ಗಂಟೆಗೆ ಏನು ಮಾಡಿದೆ, ಎಷ್ಟು ಹಗುರ ಅನ್ನಿಸಿತು ಅಂತ ಬರೆಯಬೇಕು. ನಾನು ಶನಿವಾರ ಇಡೀ ಹಾಸಿಗೆಯಲ್ಲಿ ಫೋನ್ ನೋಡಿದ್ದೆ, ಅಂಕ ಸೊನ್ನೆ. ಭಾನುವಾರ ಅಣ್ಣನ ಮಗನ ಸೈಕಲ್ ಚೈನ್ ಹಾಕಿಕೊಟ್ಟಿದ್ದೆ, ನಾಲ್ಕು. ಹಾಳೆ ಮುಂದೆ ಇಟ್ಟುಕೊಂಡ ಮೇಲೆ ಮಾತು ತಾನಾಗೇ ಬಂತು.

ಆಪ್ತ_ಸಲಹೆ_ಮಂಗಳೂರು

@ಮಾರತ್ತಹಳ್ಳಿ_ಸಿಗ್ನಲ್ ನಿಮಗೆ ಮಾಡಿಸಿದ್ದು ಹೊಸದೇನಲ್ಲ, ನಡವಳಿಕೆಯಿಂದ ಶುರು ಮಾಡಿ ಮನಸ್ಸಿಗೆ ಹೋಗುವ ವಿಧಾನ. ಗೋವಾದ ಸಂಗಾತ್ ಸಂಸ್ಥೆ ಇದನ್ನೇ ಸರಳ ಮಾಡಿ, ಮನೋವೈದ್ಯರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆ ಮಾಡಿತು. 2017ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಜೊತೆಗೇ ಕುಡಿಯುವ ಗಂಡಸರಿಗಾಗಿಯೇ ಇನ್ನೊಂದು ಪರೀಕ್ಷೆ ಇತ್ತು. ಹೆಚ್ಚೆಂದರೆ ನಾಲ್ಕು ಭೇಟಿ, ಅಷ್ಟೇ. ಮೂರು ತಿಂಗಳ ನಂತರ ಸಲಹೆ ಪಡೆದವರಲ್ಲಿ ಶೇ. 36 ಜನ ಅಪಾಯದ ಮಟ್ಟದಿಂದ ಕೆಳಗೆ ಬಂದಿದ್ದರು. ಮಾಮೂಲಿ ಆರೈಕೆಯವರಲ್ಲಿ ಶೇ. 26. ಪವಾಡ ಅಲ್ಲ. ಆದರೆ ನಾಲ್ಕೇ ಭೇಟಿಗೆ ಇದು ಕಡಿಮೆ ಫಲವೂ ಅಲ್ಲ, ಮೂರು_ಚಕ್ರ ಅವರಂಥವರಿಗೆ ನಾಲ್ಕು ಭೇಟಿ ಅಂದರೆ ಲೆಕ್ಕಕ್ಕೆ ಸಿಗುವ ಮಾತು.

ಆದರೆ ಒಂದು ತಕರಾರು ಇದೆ. "ಗಂಡಸರಿಗೆ ಟಾಸ್ಕ್ ಕೊಡಿ, ಭಾವನೆ ಕೇಳಬೇಡಿ" ಅಂತ ಇದನ್ನು ಸೂತ್ರ ಮಾಡಬೇಡಿ. ನನ್ನ ಹತ್ತಿರ ಬಂದ ಎಷ್ಟೋ ಗಂಡಸರು ಹಾಳೆ ಪೆನ್ನು ನೋಡಿದರೆ ಸಿಟ್ಟಾಗುತ್ತಾರೆ. ಅಪ್ಪ ತೀರಿಕೊಂಡಿದ್ದನ್ನು ಹೇಳಬೇಕಿರುತ್ತದೆ, ಒಂದು ಗಂಟೆ ಹೇಳಿ ಎದ್ದು ಹೋಗುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2018ರಲ್ಲಿ ಗಂಡುಮಕ್ಕಳು ಮತ್ತು ಗಂಡಸರ ಚಿಕಿತ್ಸೆಗೆಂದೇ ಮಾರ್ಗಸೂಚಿ ತಂದಾಗ ದೊಡ್ಡ ಗಲಾಟೆಯಾಯಿತು. ಗಂಡಸುತನವನ್ನೇ ಕಾಯಿಲೆ ಅಂತಾರೆ ಎಂದು ಒಂದು ಕಡೆಯವರು ಕೂಗಿದರು. ನಾನು ಓದಿದಾಗ ನನಗೆ ಕಂಡಿದ್ದು ಸರಳ ವಿಷಯ: ಎದುರಿಗೆ ಕೂತವನು ಹೇಗೆ ಬೆಳೆದ, ಯಾವ ಊರು, ಯಾವ ಕೆಲಸ, ಅದನ್ನು ತಿಳಿದುಕೊಂಡು ಮಾತಾಡಿ.

ಧಾರವಾಡ_ಪೇಡೆ

ಏನ್ರೀ ಎಲ್ಲಾರೂ ಗೋವಾ, ಅಮೆರಿಕ ಅನ್ನಲಿಕ್ಕತ್ತೀರಿ. ನಮ್ಮ ಹಳ್ಳಿಗಳಲ್ಲಿ ಗಂಡಸರು ಗುಂಪು ಗುಂಪಾಗಿ ಬರುವ ಒಂದು ಜಾಗ ಇದೆ, ಅದನ್ನು ಯಾರೂ ಹೇಳಲಿಲ್ಲ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರ. ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ ವಾರದ ಲೆಕ್ಕದಲ್ಲಿ ಇರುತ್ತಾರೆ. ಬೆಳಗ್ಗೆ ಯೋಗ, ಭಜನೆ, ಕುಡಿತ ಬಿಟ್ಟವರೇ ಎದ್ದು ನಿಂತು ತಮ್ಮ ಕಥೆ ಹೇಳುತ್ತಾರೆ. ಕೊನೆಗೆ ಮನೆಯವರೂ ಬರುತ್ತಾರೆ. ಮುಗಿದ ಮೇಲೆ ನವಜೀವನ ಸಮಿತಿ ಅಂತ ಊರಲ್ಲೇ ಸೇರುತ್ತಾರೆ.

ನಮ್ಮ ಚಿಕ್ಕಪ್ಪ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಹೆಸರು ಎತ್ತಿದರೆ "ನನಗೇನು ಹುಚ್ಚಾ" ಅಂತ ಎದ್ದು ಹೋಗುತ್ತಿದ್ದ. ಶಿಬಿರಕ್ಕೆ ಮಾತ್ರ ಚೀಲ ತೊಗೊಂಡು ತಾನೇ ಹೊರಟ. ಯಾಕೆ? ಊರಿನ ಇನ್ನೂ ಆರೇಳು ಜನ ಹೊರಟಿದ್ದರು. ಅಲ್ಲಿ ಅವನು ರೋಗಿ ಅಲ್ಲ, ಶಿಬಿರಾರ್ಥಿ. ವಾಪಸ್ ಬಂದಾಗ ಹಾರ ಹಾಕಿದರು. ಆಸ್ಪತ್ರೆಯಿಂದ ಬಿಡುಗಡೆ ಆದವನಿಗೆ ಯಾರಾದರೂ ಹಾರ ಹಾಕಿದ್ದು ನೋಡಿದ್ದೀರಾ?

ಹೋಬಳಿ_ಡಾಕ್ಟರ್

@ಧಾರವಾಡ_ಪೇಡೆ ಶಿಬಿರದ ಬಗ್ಗೆ ನನಗೂ ಗೌರವ ಇದೆ. ಎರಡು ಎಚ್ಚರಿಕೆ ಸೇರಿಸುತ್ತೇನೆ. ದಿನಾ ಜಾಸ್ತಿ ಕುಡಿಯುವವನು ಒಮ್ಮೆಗೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಕೈ ನಡುಕ, ಫಿಟ್ಸ್, ಇಲ್ಲದ್ದು ಕಾಣುವುದು ಶುರುವಾಗಬಹುದು. ಪ್ರಾಣಕ್ಕೇ ಅಪಾಯ. ಶಿಬಿರವೋ ಮನೆಯೋ, ಆ ದಿನಗಳಲ್ಲಿ ವೈದ್ಯರ ಕಣ್ಣು ಇರಲೇಬೇಕು. ಎರಡನೆಯದು, ಕುಡಿತ ಬಿಟ್ಟ ಮೇಲೆ ಕೆಲವರಲ್ಲಿ ಅದರ ಅಡಿಯಲ್ಲಿದ್ದ ಖಿನ್ನತೆ ಕಾಣಿಸಿಕೊಳ್ಳುತ್ತದೆ. ಆಗ "ಬಿಟ್ಟಾಯ್ತಲ್ಲ, ಇನ್ನೇನು ಬೇಜಾರು" ಅಂತ ಊರೆಲ್ಲ ಕೇಳುತ್ತದೆ. ನವಜೀವನ ಸಮಿತಿಯವರಿಗೂ ನಮ್ಮಂಥ ಆಸ್ಪತ್ರೆಗೂ ಒಂದು ಫೋನ್ ನಂಬರಿನ ನಂಟು ಇದ್ದರೆ ಎಷ್ಟೋ ಜನ ಉಳಿಯುತ್ತಾರೆ.

ಹಾರದ ಮಾತು ಒಪ್ಪಿದೆ.

ಮೆಡಿಕಲ್_ಸ್ಟೋರ್_ಮಂಡ್ಯ

ಕೌಂಟರ್ ಈ ಕಡೆಯಿಂದ ಕಾಣುವುದನ್ನು ಹೇಳುತ್ತೇನೆ. ಗಂಡಸರು ಖಿನ್ನತೆಯ ಮಾತ್ರೆ ಬಿಡಲು ಎಲ್ಲರೂ ಹೇಳದೆ ಬಿಡುವ ಕಾರಣ ಒಂದಿದೆ. ಆ ಗುಂಪಿನ ಸುಮಾರು ಮಾತ್ರೆಗಳು ಕೆಲವರಲ್ಲಿ ಹಾಸಿಗೆಯ ವಿಷಯದಲ್ಲಿ ತೊಂದರೆ ಮಾಡುತ್ತವೆ. ಆಸೆ ಕಡಿಮೆ ಆಗುತ್ತದೆ, ಇಲ್ಲಾ ತಡ ಆಗುತ್ತದೆ. ಡಾಕ್ಟರು ಮೊದಲೇ ಹೇಳಿರುವುದಿಲ್ಲ. ಇವನು ಡಾಕ್ಟರನ್ನು ಕೇಳುವುದಿಲ್ಲ. ಹೆಂಡತಿಗೂ ಹೇಳುವುದಿಲ್ಲ. ಅಂಗಡಿಯಲ್ಲಿ ಯಾರೂ ಇಲ್ಲದಾಗ ಬಂದು ತಗ್ಗಿದ ದನಿಯಲ್ಲಿ "ಇದರಿಂದ ಆ ತರ ಆಗುತ್ತಾ?" ಅಂತ ನನ್ನನ್ನು ಕೇಳುತ್ತಾನೆ. ಹೌದು, ಆಗಬಹುದು, ಡೋಸ್ ಬದಲಿಸಬಹುದು, ಈ ತೊಂದರೆ ಕಡಿಮೆ ಇರುವ ಬೇರೆ ಮಾತ್ರೆಯೂ ಇದೆ, ಡಾಕ್ಟರಿಗೆ ಹೇಳಿ ಅನ್ನುತ್ತೇನೆ. ಅರ್ಧ ಜನ ಹೋಗುತ್ತಾರೆ. ಇನ್ನರ್ಧ ತಾವೇ ನಿಲ್ಲಿಸಿ ತಲೆಸುತ್ತು, ಸಿಡುಕು ಅಂತ ಮತ್ತೆ ನನ್ನ ಹತ್ತಿರವೇ ಬರುತ್ತಾರೆ.

ಮೊದಲ ದಿನ ಎರಡು ವಾಕ್ಯ ಹೇಳಿಬಿಟ್ಟರೆ ಸಾಕು. ಗುಣ ಕಾಣಲು ಕೆಲವು ವಾರ ಬೇಕು, ನಡುವೆ ಹೀಗೆ ಆದರೆ ಬಂದು ಹೇಳಿ, ನೀವೇ ನಿಲ್ಲಿಸಬೇಡಿ. ಮೊದಲ ವಾರ ಹೊಟ್ಟೆ ತೊಳಸಿದ್ದಕ್ಕೆ "ಇದು ನಂಗೆ ಆಗಲ್ಲ" ಅಂತ ಸ್ಟ್ರಿಪ್ ವಾಪಸ್ ತರುವವರಿದ್ದಾರೆ.

ಇನ್ನೊಂದು. ಗಂಡನಿಗೆ ಗೊತ್ತಾಗದ ಹಾಗೆ ಕಾಫಿಯಲ್ಲಿ, ಸಾರಲ್ಲಿ ಹಾಕುವ ಕುಡಿತ ಬಿಡಿಸುವ ಪುಡಿ ಇದೆಯಾ ಅಂತ ಈಗಲೂ ಕೇಳುತ್ತಾರೆ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಅನ್ನುವ ಮಾತ್ರೆ ತೆಗೆದುಕೊಂಡವನು ಗೊತ್ತಿಲ್ಲದೆ ಕುಡಿದರೆ ಬಿಪಿ ಕುಸಿದು ಸಾಯಲೂಬಹುದು. ಕದ್ದು ಕೊಡುವ ಔಷಧಿ ಅಲ್ಲ ಅದು. ಒಮ್ಮೆ ಗೊತ್ತಾದರೆ ಅವನು ಮನೆಯ ಕಾಫಿಯನ್ನೂ ನಂಬುವುದಿಲ್ಲ, ಡಾಕ್ಟರನ್ನೂ ನಂಬುವುದಿಲ್ಲ.

ನಿರ್ವಾಹಕ

ಮೇಲೆ ಇದ್ದ ಒಂದು ಕಮೆಂಟ್ ತೆಗೆದಿದ್ದೇನೆ, ಸಾಯುವ ವಿಧಾನದ ವಿವರ ಇತ್ತು. ಬರೆದವರ ಜೊತೆ ಮಾತಾಡಿದ್ದೇವೆ. ಯಾರಿಗಾದರೂ ಈಗಲೇ ಕಷ್ಟ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಚರ್ಚೆ ಮುಂದುವರಿಸಿ.

ಕಟ್ಟಿಂಗ್_ಶಾಪ್_ಭಕ್ತ

ಒಂದು ತಲೆಕೆಟ್ಟ ಐಡಿಯಾ. ನಮ್ಮೂರಲ್ಲಿ ಗಂಡಸರು ತಿಂಗಳಿಗೊಮ್ಮೆ ತಪ್ಪದೆ ಕೂರುವ ಕುರ್ಚಿ ಕಟ್ಟಿಂಗ್ ಶಾಪಿನದು. ಅಲ್ಲಿ ರಾಜಕೀಯ, ಸಾಲ, ಅತ್ತೆ ಸೊಸೆ ಜಗಳ ಎಲ್ಲ ಬರುತ್ತದೆ. ಅಂಗಡಿಯವರಿಗೇ ಸ್ವಲ್ಪ ತರಬೇತಿ ಕೊಟ್ಟರೆ?

ಆಪ್ತ_ಸಲಹೆ_ಮಂಗಳೂರು

@ಕಟ್ಟಿಂಗ್_ಶಾಪ್_ಭಕ್ತ ತಲೆಕೆಟ್ಟದ್ದೇನಲ್ಲ. ಅಮೆರಿಕದ ಅರ್ಕನ್ಸಾಸ್‌ನಲ್ಲಿ ಶುರುವಾದ ಕನ್ಫೆಸ್ ಪ್ರಾಜೆಕ್ಟ್ ಕಪ್ಪು ಸಮುದಾಯದ ಕ್ಷೌರಿಕರಿಗೆ ಇದನ್ನೇ ಕಲಿಸುತ್ತದೆ. ಕೇಳಿಸಿಕೊಳ್ಳುವುದು, ಅಪಾಯ ಗುರುತಿಸುವುದು, ಮುಂದೆ ಕಳಿಸುವುದು. ಆಸ್ಟ್ರೇಲಿಯಾದಲ್ಲಿ ಮೆನ್ಸ್ ಶೆಡ್ ಅಂತ ಇವೆ, ವಯಸ್ಸಾದ ಗಂಡಸರು ಸೇರಿ ಮರಗೆಲಸ, ರಿಪೇರಿ ಮಾಡುತ್ತಾರೆ. ಕೈ ಕೆಲಸ ಮಾಡುತ್ತಾ ಪಕ್ಕಪಕ್ಕ ನಿಂತಾಗ ಮಾತು ಬರುತ್ತದೆ.

ನನ್ನ ಅನುಮಾನ ಒಂದೇ. ಕುರ್ಚಿಯಿಂದ ಎದ್ದವನನ್ನು ಎಲ್ಲಿಗೆ ಕಳಿಸುವುದು? ಕಳಿಸುವ ಜಾಗ ಸರಿ ಇಲ್ಲದೆ ಜಾಗೃತಿ ಮಾತ್ರ ಮಾಡಿದರೆ ಮತ್ತದೇ ಒಂದು ಸಲ ಹೋಗಿ ಬಿಡುವ ಕಥೆ.

ಹೋಬಳಿ_ಡಾಕ್ಟರ್

ಈ ಅನುಮಾನಕ್ಕೆ ಹಳೆಯ ಪುರಾವೆಯೇ ಇದೆ. ಸ್ವೀಡನ್‌ನ ಗಾಟ್‌ಲ್ಯಾಂಡ್ ದ್ವೀಪದಲ್ಲಿ 1983-84ರಲ್ಲಿ ಸಾಮಾನ್ಯ ವೈದ್ಯರಿಗೆಲ್ಲ ಖಿನ್ನತೆ ಗುರುತಿಸುವ ತರಬೇತಿ ಕೊಟ್ಟರು. ಆತ್ಮಹತ್ಯೆ ಕಡಿಮೆಯಾಯಿತು. ಬಿಡಿಸಿ ನೋಡಿದರೆ ಕಡಿಮೆಯಾಗಿದ್ದು ಹೆಂಗಸರಲ್ಲಿ. ಗಂಡಸರ ಸಂಖ್ಯೆ ಹೆಚ್ಚುಕಡಿಮೆ ಅಲ್ಲೇ ಇತ್ತು. ಆ ಗಂಡಸರು ಡಾಕ್ಟರಿಗೆ ಪರಿಚಯವೇ ಇರಲಿಲ್ಲ. ಪೊಲೀಸರಿಗೆ, ಸಮಾಜ ಕಲ್ಯಾಣದವರಿಗೆ ಪರಿಚಯ ಇದ್ದರು. ಅಳು, ದುಃಖ ಹುಡುಕುತ್ತಿದ್ದ ಡಾಕ್ಟರಿಗೆ ಸಿಡುಕು, ಕುಡಿತ, ಗಾಡಿ ಹುಚ್ಚಾಪಟ್ಟೆ ಓಡಿಸುವುದು ಖಿನ್ನತೆ ಅಂತ ಕಾಣುವುದಿಲ್ಲ ಅಂತ ಅಲ್ಲಿನ ಮನೋವೈದ್ಯ ವೋಲ್ಫ್‌ಗಾಂಗ್ ರುಟ್ಜ್ ವಾದಿಸಿದರು. ಗಂಡಸರ ಖಿನ್ನತೆಗೆ ಬೇರೆ ಪ್ರಶ್ನಾವಳಿಯನ್ನೇ ಮಾಡಿದರು. ಸಿಟ್ಟು ಜಾಸ್ತಿ ಆಗಿದೆಯಾ, ಒಳಗೆ ಖಾಲಿಯಾದ ಹಾಗೆ ಆಗಿದೆಯಾ, ಕುಡಿತ ಹೆಚ್ಚಾಗಿದೆಯಾ ಅಂತೆಲ್ಲ.

ಹಾಗಾಗಿ ಜಾಗವೂ ಬದಲಾಗಬೇಕು, ಕೇಳುವ ಪ್ರಶ್ನೆಯೂ ಬದಲಾಗಬೇಕು. ಎರಡರಲ್ಲಿ ಒಂದನ್ನು ಮಾತ್ರ ಮಾಡಿದರೆ ಉಪಯೋಗ ಕಡಿಮೆ ಅಂತ ನನ್ನ ಅನಿಸಿಕೆ.

ಮೂಡಿಗೆರೆ_ಅಕ್ಕ

ಸಿಟ್ಟನ್ನೂ ಕಾಯಿಲೆ ಪಟ್ಟಿಗೆ ಸೇರಿಸಿ ಅಂತೀರಿ, ಸರಿ. ಅದೇ ನೆಪ ಆಗದ ಹಾಗೆ ನೋಡಿಕೊಳ್ಳಿ. "ನಂಗೆ ಡಿಪ್ರೆಷನ್ ಕಣೇ, ಅದಕ್ಕೇ ತಟ್ಟೆ ಎಸೆದೆ" ಅನ್ನುವ ಕಾಲ ಬೇಡ.

ಆಪ್ತ_ಸಲಹೆ_ಮಂಗಳೂರು

@ಮೂಡಿಗೆರೆ_ಅಕ್ಕ ನೂರಕ್ಕೆ ನೂರು ಒಪ್ಪುತ್ತೇನೆ. ಕಾರಣ ಬೇರೆ, ವಿನಾಯಿತಿ ಬೇರೆ. ತಟ್ಟೆ ಎಸೆದಿದ್ದಕ್ಕೆ ಅವನೇ ಹೊಣೆ ಅಂತ ಕೋಣೆಯಲ್ಲಿ ಕೂತು ಹೇಳಲು ಗಂಡಸರ ಮೇಲೆ ಕರುಣೆ ಇರುವ ಸಲಹೆಗಾರರಿಗೆ ಕೆಲವೊಮ್ಮೆ ಧೈರ್ಯ ಸಾಲುವುದಿಲ್ಲ. ಹೇಳಿದರೆ ಬಿಟ್ಟು ಹೋಗುತ್ತಾನೆ ಅನ್ನುವ ಹೆದರಿಕೆ. ನನ್ನ ಅನುಭವದಲ್ಲಿ ಗೌರವ ಕೊಟ್ಟು ನೇರವಾಗಿ ಹೇಳಿದರೆ ಬಿಟ್ಟು ಹೋಗುವವರು ಕಡಿಮೆ.

ಮೂರು_ಚಕ್ರ

ಎಲ್ಲಾ ಓದಿದೆ. ಒಂದು ಪ್ರಶ್ನೆ ಉಳಿಯಿತು. ನಮ್ಮ ಸ್ಟ್ಯಾಂಡಿನ ಒಬ್ಬ ಮಾತ್ರೆ ಬಿಟ್ಟು ಸುಮಾರು ದಿನ ಆಗಿದೆ. ನಿನ್ನೆ 14416ಕ್ಕೆ ನನ್ನ ಫೋನಿಂದಲೇ ಹಾಕಿಕೊಟ್ಟೆ, ಕನ್ನಡ ಒತ್ತಿ ಮಾತಾಡಿದ. ಡಾಕ್ಟರನ್ನು ನೋಡಿ ಅಂದರಂತೆ. ಬೆಂಗಳೂರಿಗೆ ಬರಲು ಒಪ್ಪಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನಸ್ಸಿನ ಡಾಕ್ಟರು ಬರ್ತಾರೆ ಅಂತಾರಲ್ಲ, ನಿಜವಾ?

ಹೋಬಳಿ_ಡಾಕ್ಟರ್

@ಮೂರು_ಚಕ್ರ ಮನೋಚೈತನ್ಯ ಅಂತ ರಾಜ್ಯ ಸರ್ಕಾರದ ಕಾರ್ಯಕ್ರಮ ಅದು, ಮಂಗಳವಾರದ ಕ್ಲಿನಿಕ್. ಯಾವ ಮಂಗಳವಾರ ನಿಮ್ಮ ತಾಲ್ಲೂಕಿಗೆ ಅಂತ ಆಸ್ಪತ್ರೆಗೆ ಫೋನ್ ಮಾಡಿ ಕೇಳಿಕೊಂಡು ಹೊರಡಿ, ಸುಮ್ನೆ ಬಾಡಿಗೆ ಕಳೆದುಕೊಳ್ಳಬೇಡಿ. ಹಳೆ ಚೀಟಿ, ಉಳಿದ ಮಾತ್ರೆಯ ಸ್ಟ್ರಿಪ್ ಎರಡನ್ನೂ ತರಲಿ. ಬಿಟ್ಟ ಮಾತ್ರೆಯನ್ನು ಅವನೇ ಮತ್ತೆ ಶುರು ಮಾಡುವುದು ಬೇಡ. ಯಾಕೆ ಬಿಟ್ಟೆ ಅಂತ ಡಾಕ್ಟರು ಕೇಳುತ್ತಾರೆ, ನಿಜವಾದ ಕಾರಣ ಹೇಳಲಿ, ಮೆಡಿಕಲ್ ಸ್ಟೋರ್‌ನವರು ಬರೆದ ಕಾರಣವಾದರೂ ಸರಿ. ಬಾಯಲ್ಲಿ ಹೇಳಲು ಮುಜುಗರ ಆದರೆ ಚೀಟಿಯ ಹಿಂದೆ ಬರೆದು ಕೊಡಲಿ, ನನ್ನ ಹತ್ತಿರ ಹಾಗೆ ಕೊಡುವವರಿದ್ದಾರೆ.

ಮೂರು_ಚಕ್ರ

ಸರಿ ಸಾರ್. ನಾನೇ ಗಾಡಿಯಲ್ಲಿ ಕೂರಿಸಿಕೊಂಡು ಹೋಗ್ತೀನಿ. ಒಳಗೆ ಮಾತ್ರ ಅವನೊಬ್ಬನನ್ನೇ ಬಿಡ್ತೀನಿ.